ಮೂರು ಮನೆ ಕಂಡ ತಗಡು

"ಎಸೀಬೇಡ! ಕೈಗೆ ಕೊಡು, ನಾನು ಹಿಡ್ಕೋತೀನಿ!"

ಅಪ್ಪಲಮ್ಮ ಕೂಗುವಷ್ಟರಲ್ಲಿ ತಗಡು ಸೂರಿನಿಂದ ಜಾರಿ ಬದನೆ ಸಾಲಿನ ಮೇಲೆ ಬಿತ್ತು. ಗಡಗಡ ಸದ್ದು ಮಾಡಿ ಸುಮ್ಮನಾಯಿತು.

"ಹೋಯ್ತು, ಎರಡು ಗಿಡ ಮುರೀತು."

"ಮುರೀಲಿ ಬಿಡು," ಎಂದ ಮುತ್ತುಸಾಮಿ ಮೇಲಿನಿಂದ. "ಶುಕ್ರವಾರ ದಾಟಿದ್ರೆ ಬದನೇನೂ ನೆಲ ಗುತ್ತಿಗೆ ಹಿಡಿದೋನದೇ, ಅದರೊಳಗಿನ ಹುಳಾನೂ ಅವನದೇ."

ಗಂಡ ತಾನೇ ಕಟ್ಟಿದ ಮನೆಯನ್ನು ತಾನೇ ಬಿಚ್ಚುತ್ತಿದ್ದ. ಹೆಂಡತಿ ಮಗುಚಿದ ಬಕೆಟ್ಟಿನ ಮೇಲೆ ಕೂತು, ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಳು. ಈ ಕೆಲಸ ಅವಳ ಕೈಗೆ ಹೊಸದಲ್ಲ. ಇದು ಮೂರನೆಯ ಸಲ. ಮೊದಲ ಸಲ ಅತ್ತಿದ್ದಳು. ಎರಡನೆಯ ಸಲ ಬೈದಿದ್ದಳು. ಈಗ ಎರಡಕ್ಕೂ ಶಕ್ತಿಯಿರಲಿಲ್ಲ. ಸುತ್ತಿಗೆ ಎತ್ತುವುದು, ಇಳಿಸುವುದು, ಅಷ್ಟೇ.

ಬಿದ್ದ ತಗಡನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಜರಡಿಯಂತೆ ಬೆಳಕು ತೂರಿ ಬಂತು. ಮಾವನ ಕಬ್ಬಿನ ಗದ್ದೆಯ ಮನೆಯಲ್ಲಿದ್ದಾಗ ಹೊಡೆದ ತೂತು ಒಂದು ಸಾಲು. ರಸ್ತೆ ಬದಿಯ ಗುಡಿಸಲಿನದು ಇನ್ನೊಂದು ಸಾಲು. ಈ ದ್ವೀಪದ ಸಿಗಟೋಕಾ ಹೊಳೆಯ ದಡದ ಈ ಮನೆಯದು ಮೂರನೆಯದು. ಹಳೆಯ ತೂತುಗಳಿಗೆಲ್ಲ ಅವಳೇ ಡಾಂಬರು ಮೆತ್ತಿದ್ದಳು; ಅದೂ ಅಲ್ಲಲ್ಲಿ ಉದುರಿತ್ತು.

ಹದಿನಾಲ್ಕು ವರ್ಷದ ಹಿಂದೆ ಈ ನೆಲ ಕೊಟ್ಟವನು ಸೇರು ಎಂಬ ಮುದುಕ, ಈ ದಡದ ಕುಲದ ಯಜಮಾನ. ಅವನು ಒಳ್ಳೆಯವನು, ಅದರಲ್ಲಿ ಅನುಮಾನವೇ ಇಲ್ಲ. ನೆಲ ಕೇಳುವವರು ಕಾಣಿಕೆ ಒಯ್ಯುವ ಇಲ್ಲಿಯ ಪದ್ಧತಿಯಂತೆ ಮುತ್ತುಸಾಮಿ ಒಂದು ತಿಮಿಂಗಿಲದ ಹಲ್ಲು, ಒಂದು ಕಂತೆ ಯಂಗೋನ ಬೇರು ತೆಗೆದುಕೊಂಡು ಹೋಗಿ ಚಾಪೆಯ ಮೇಲೆ ಕೂತಿದ್ದ. ಬೇರು ಕುಟ್ಟಿ ನೀರಲ್ಲಿ ಹಿಂಡಿದರು. ಸೇರು ಅದನ್ನು ತೆಂಗಿನ ಕರಟದಲ್ಲಿ ತುಂಬಿ ಕೊಟ್ಟ. ಮುತ್ತುಸಾಮಿ ಕೈ ತಟ್ಟಿ ಕುಡಿದ; ಕುಡಿದರೆ ಮಾತು ಒಪ್ಪಿದಂತೆ. "ನನ್ನ ಮಾತಿರೋವರೆಗೂ ನಿನ್ನ ಮನೆ ಇರುತ್ತೆ," ಎಂದಿದ್ದ ಸೇರು. ಅವತ್ತಿನಿಂದ ಅವನ ಮನೆಯ ಮದುವೆಗೆ ಹಂದಿ, ಸಾವಿಗೆ ಚಾಪೆ, ಚರ್ಚಿನ ಗೋಡೆಗೆ ಸಿಮೆಂಟು, ಯಾವುದಕ್ಕೂ ಇವರು ಹಿಂದೆ ಬಿದ್ದಿರಲಿಲ್ಲ.

ಹೋದ ವರ್ಷ ಸಕ್ಕರೆ ಕಾಯಿಲೆಯಿಂದ ಸೇರು ತೀರಿಕೊಂಡ. ಕೆಲವು ತಿಂಗಳಿಗೆ ಬದನೆ ಹೊಲದಲ್ಲಿ ಕೆಂಪು ಬಳಿದ ಗೂಟಗಳು ಎದ್ದವು. ಸೇರುವಿನ ಕುಲದವರು ಸೇರಿ, ರುಜು ಹಾಕಿ, ಕಚೇರಿಯ ಮೂಲಕವೇ ಆ ನೆಲವನ್ನು ನಾಂದಿ ಪೇಟೆಯವನೊಬ್ಬನಿಗೆ ಶುಂಠಿ ಬೆಳೆಯಲು ಗುತ್ತಿಗೆ ಕೊಟ್ಟಿದ್ದರು. ಅವನೂ ಕೆಟ್ಟವನಲ್ಲ. ಹೊರಡಲು ಒಂದು ತಿಂಗಳು ಟೈಮು ಕೊಟ್ಟಿದ್ದ; ಅದು ಈ ಶುಕ್ರವಾರಕ್ಕೆ ಮುಗಿಯುತ್ತಿತ್ತು.

ಗಂಡ ಹೆಂಡತಿ ಪೇಟೆಯ ಜಮೀನು ಕಚೇರಿಗೆ ಹೋಗಿದ್ದರು. ಅಲ್ಲಿಯ ಹುಡುಗಿ ದಾಖಲೆಯನ್ನು ಎರಡು ಸಲ ನೋಡಿದಳು. ಮೂರನೆಯ ಸಲವೂ ನೋಡಿದಳು. ಆಮೇಲೆ, "ಹದಿನಾಲ್ಕು ವರ್ಷ ಅಲ್ಲಿದ್ರಾ ಅಮ್ಮ? ನಿಮ್ಮ ಹೆಸರೇ ಎಲ್ಲೂ ಇಲ್ವಲ್ಲ," ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ಅಪ್ಪಲಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಆ ಮೆಲುದನಿಗೆ ಏನು ಮಾಡುವುದು?

"ಮನೆ ಬೋಳಾದ್ರೆ ನಿನ್ನ ತಲೆಗೂ ಬಿಸಿಲು ತಾಗುತ್ತೆ ಭಾವ, ಇಳಿದು ಬಾ!"

ಉನೈಸಿ ಬಂದಿದ್ದಳು. ಹೊಳೆಯಾಚೆಯ ಊರಿನವಳು; ಅಪ್ಪಲಮ್ಮನ ಗೆಳತಿ, ಅದಕ್ಕೇ ಮುತ್ತುಸಾಮಿ ಅವಳಿಗೆ ಭಾವ. ವಾರದಲ್ಲಿ ಐದು ದಿನ ಅದೇ ಜಮೀನು ಕಚೇರಿಯಲ್ಲಿ ಚಹಾ ಮಾಡುವುದು ಅವಳ ಕೆಲಸ. ಶನಿವಾರ ಮಾರ್ಕೆಟ್ಟಿನಲ್ಲಿ ಅಪ್ಪಲಮ್ಮನ ಪಕ್ಕದಲ್ಲೇ ಚಾಪೆ ಹಾಸಿ ಗೆಣಸು ಮಾರುತ್ತಾಳೆ. ಇವತ್ತು ರಜೆ; ಅವಳ ಕೈಯಲ್ಲಿ ಬೇಯಿಸಿದ ಮರಗೆಣಸು, ತೆಂಗಿನ ಹಾಲಲ್ಲಿ ಕುದಿಸಿದ ಮೀನು ಇತ್ತು.

ಮೂವರೂ ನೆಲದ ಮೇಲೆ ಕೂತರು. ಸೂರಿಲ್ಲದ ಅಡುಗೆ ಕೋಣೆಯಲ್ಲಿ ಬಿಸಿಲು ನೇರ ತಟ್ಟೆಗೇ ಬೀಳುತ್ತಿತ್ತು.

"ಮುಂದೆ ಎಲ್ಲಿಗೆ?" ಎಂದಳು ಉನೈಸಿ.

"ನಿಮ್ಮೂರಿಗೇ," ಎಂದ ಮುತ್ತುಸಾಮಿ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಸ್ವಲ್ಪ ಗೆಲುವಿತ್ತು. "ನಿನ್ನ ಚಿಕ್ಕಪ್ಪ ಯೋಸೆಫಣ್ಣ ಮಾತು ಕೊಟ್ಟಿದ್ದಾನೆ. ಮಳೆಮರದ ಹಿಂದಿನ ತುಂಡು. ನಾಲ್ಕು ಗಂಟೆಗೆ ಬಾ ಅಂದಿದ್ದಾನೆ. ಹಲ್ಲು ತಂದಿಟ್ಟಿದ್ದೀನಿ." ಮೂಲೆಯಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದ ತಿಮಿಂಗಿಲದ ಹಲ್ಲನ್ನು ತೋರಿಸಿದ.

ಉನೈಸಿ ಮೀನಿನ ಮುಳ್ಳು ತೆಗೆಯುವುದನ್ನು ನಿಲ್ಲಿಸಿದಳು.

"ಆ ತುಂಡು ಚಿಕ್ಕಪ್ಪನದು ಅಂತ ಯಾರು ಹೇಳಿದ್ರು?"

"ಅವನೇ. ಅವನು ಯಜಮಾನ ಅಲ್ವಾ?"

"ಯಜಮಾನ ಹೌದು. ನೆಲ ಕುಲದ್ದು. ಆ ಕುಲದಲ್ಲಿ ನಾನೂ ಇದ್ದೀನಿ. ನಮ್ಮಕ್ಕ ಇದ್ದಾಳೆ, ಸುವಾ ಪಟ್ಟಣದಲ್ಲಿರೋ ತಮ್ಮ ಇದ್ದಾನೆ. ಯಾರನ್ನಾದ್ರೂ ಕೇಳಿದ್ನಾ? ನನಗೆ ಗೊತ್ತಾಗ್ತಿರೋದೇ ಈಗ, ನಿನ್ನ ಬಾಯಿಂದ, ಮೀನು ತಿನ್ನೋವಾಗ."

"ಹಂಗಾದ್ರೆ ಯೋಸೆಫಣ್ಣ ಮೋಸಗಾರ ಅಂತೀಯಾ?"

"ಛೇ! ದೇವರಂಥವನು. ಸೇರು ಅಜ್ಜನೂ ದೇವರಂಥವನೇ. ದೇವರಂಥವರು ಸಾಯ್ತಾರೆ ಭಾವ. ಅದೇ ತೊಂದರೆ."

ಅಪ್ಪಲಮ್ಮ ನಗಬೇಕೆಂದುಕೊಂಡಳು, ನಗು ಬರಲಿಲ್ಲ.

ಮುತ್ತುಸಾಮಿ ತಟ್ಟೆ ಪಕ್ಕಕ್ಕಿಟ್ಟ. "ಕಾಗದ ಕಾಗದ ಅಂತ ನೀನು ಬಂದಾಗೆಲ್ಲ ಹೇಳ್ತೀಯ. ನಮ್ಮಪ್ಪನ ಹತ್ರ ಕಾಗದ ಇತ್ತು. ಮೂವತ್ತು ವರ್ಷದ್ದು, ಮೊಹರು ಹಾಕಿದ್ದು, ಟ್ರಂಕಲ್ಲಿ ಸೀರೆ ಕೆಳಗೆ ಇಟ್ಟಿದ್ರು. ಮೂವತ್ತು ವರ್ಷ ಆದ ದಿನ ಏನಾಯ್ತು? ಕಬ್ಬು ಎದೆ ಮಟ್ಟ ನಿಂತಿತ್ತು. ಬಿಟ್ಟು ಎದ್ದು ಬಂದ್ವಿ. ಕಾಗದಕ್ಕೆ ಕೊನೆ ತಾರೀಕು ಇರುತ್ತೆ. ಮನುಷ್ಯನ ಮಾತಿಗೆ ತಾರೀಕಿಲ್ಲ. ಅದಕ್ಕೇ ನಾನು ಮಾತು ನಂಬೋದು."

ಇದು ಅವನ ಹಳೆಯ ಗಾಯ. ಮಾವ ಆ ಕಬ್ಬಿನ ಕಡೆಗೆ ತಿರುಗಿ ನೋಡದೆ ನಡೆದದ್ದು ಅಪ್ಪಲಮ್ಮನಿಗೂ ನೆನಪಿತ್ತು. ಅವನು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಅವಳು ಎದುರಾಡಿರಲಿಲ್ಲ.

ಉನೈಸಿ ದನಿ ತಗ್ಗಿಸಿದಳು. "ಮಾತಿಗೂ ತಾರೀಕಿದೆ ಭಾವ. ಯಾರಿಗೂ ಗೊತ್ತಿರಲ್ಲ, ಅಷ್ಟೇ. ಸೇರು ಅಜ್ಜ ಸತ್ತ ದಿನವೇ ಅವರ ಮಾತೂ ಸತ್ತುಹೋಯ್ತು. ಕಾಗದ ಆದ್ರೆ ತಾನು ಸಾಯೋ ದಿನ ಮೊದಲೇ ಹೇಳಿರುತ್ತೆ. ಎರಡು ಮೂರು ವರ್ಷ ಇರುವಾಗಲೇ ಹೋಗಿ ಮುಂದುವರಿಸಿ ಅಂತ ಕೇಳಬಹುದು. ಕೊಡದಿದ್ರೆ ಹೊಸ ಕಬ್ಬು ನೆಡದೆ ಇರಬಹುದು. ನಿಮ್ಮಪ್ಪ ಕೇಳಿದ್ರಾ?"

ಕಾಗದ ಟ್ರಂಕಿನಲ್ಲಿತ್ತು. ಅದನ್ನು ಯಾರೂ ತೆಗೆದು ಓದಿರಲಿಲ್ಲ.

"ಹನ್ನೊಂದು ವರ್ಷದಿಂದ ಚಹಾ ಕೊಡ್ತಿದ್ದೀನಿ," ಎಂದಳು ಉನೈಸಿ. "ಸಾಹೇಬರ ಮೇಜಿನ ಮುಂದೆ ಅಳೋರಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕ್ತೀನಿ. ಎಲ್ಲರೂ ಒಂದೇ ಮಾತು ಹೇಳ್ತಾರೆ: ಯಜಮಾನ ಒಳ್ಳೆಯವನಿದ್ದ, ಯಂಗೋನ ಕುಡಿದಿದ್ವಿ."

"ಹಾಗಂತ ಹಲ್ಲು ಕೊಡಬಾರದಾ? ಅವರ ಪದ್ಧತಿ ಮುರಿಯೋಕಾಗುತ್ತಾ?"

"ಯಾರು ಮುರಿ ಅಂದ್ರು? ಹಲ್ಲು ಕೊಡು. ಅದು ಮರ್ಯಾದೆ. ಮರ್ಯಾದೆ ಮೇಲೆ ಸೂರು ನಿಲ್ಲಲ್ಲ. ಮೊದಲು ಕಚೇರಿಗೆ ಬಾ, ಆ ತುಂಡು ಆಗಲೇ ಬೇರೆಯವರ ಹೆಸರಲ್ಲಿ ಇದೆಯಾ ಅಂತ ದಾಖಲೆ ನೋಡ್ಸು. ಅರ್ಜಿ ಹಾಕು. ಕುಲದ ದೊಡ್ಡವರಲ್ಲಿ ಹೆಚ್ಚಿನ ಜನ ಒಪ್ಪಿ ರುಜು ಹಾಕಬೇಕು. ನನ್ನ ರುಜು ನಾನು ಹಾಕ್ತೀನಿ, ಅಕ್ಕನ ಹತ್ರಾನೂ ಹಾಕಿಸ್ತೀನಿ. ಅಳತೆಯವರು ಬಂದು ಗೂಟ ಹೊಡೀತಾರೆ. ಬಾಡಿಗೆ ಕಚೇರಿಗೇ ಕಟ್ಟಿ ರಸೀದಿ ತಗೋ. ಆಗ ಅದು ಕುಲದೋರಿಗೆಲ್ಲ ಹಂಚಿಕೆಯಾಗುತ್ತೆ. ನೀನು ಕೊಟ್ಟ ಹಂದಿ ಇದೆಯಲ್ಲ, ಅದು ಸೇರು ಅಜ್ಜನ ಮಕ್ಕಳಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಅವರ ಲೆಕ್ಕದಲ್ಲಿ ನೀನು ಹದಿನಾಲ್ಕು ವರ್ಷ ಪುಕ್ಕಟೆ ಕೂತವನು."

"ಪುಕ್ಕಟೆ!" ಮುತ್ತುಸಾಮಿ ಎದ್ದೇಬಿಟ್ಟ. ಮತ್ತೆ ಕೂತ. ಜಗಳಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. "ಎಷ್ಟು ದಿನ ಹಿಡಿಯುತ್ತೆ ಇದಕ್ಕೆಲ್ಲ?"

"ವರ್ಷ ಹಿಡಿದ್ರೂ ಹಿಡೀಬಹುದು."

"ವರ್ಷ! ಅಲ್ಲೀವರೆಗೆ ಮರದ ಮೇಲಿರೋದಾ?"

"ನಮ್ಮನೆ ಪಕ್ಕ ತಂಬಾಕು ಒಣಗಿಸೋ ಗುಡಿಸಲು ಖಾಲಿ ಬಿದ್ದಿದೆ. ಅಲ್ಲಿರಿ. ತಗಡನ್ನ ಗೋಡೆಗೆ ಒರಗಿಸಿಡಿ. ಒಂದು ಮೊಳೆಯನ್ನೂ ಹೊಡೀಬೇಡಿ."

"ಯೋಸೆಫಣ್ಣ ಕರಟ ಮುಂದೆ ಹಿಡಿದಾಗ ಬೇಡ ಅನ್ನೋಕಾಗುತ್ತಾ? ನಾನು ಹುಟ್ಟಿದಾಗಿಂದ ಯಾರ ಕರಟಾನೂ ಬೇಡ ಅಂದವನಲ್ಲ. ಆಮೇಲೆ ಆ ಊರಲ್ಲಿ ಮುಖ ಹೇಗೆ ತೋರಿಸಲಿ?"

ಕರಟ ಬೇಡ ಎನ್ನುವುದು ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅದು ಉನೈಸಿಗೂ ಗೊತ್ತು.

ಆಗ ಅಪ್ಪಲಮ್ಮ ಎದ್ದಳು. ಬದನೆ ಸಾಲಿನ ಮೇಲೆ ಬಿದ್ದಿದ್ದ ಆ ತೂತು ತಗಡನ್ನು ಎಳೆದು ತಂದು ಗಂಡನ ಮುಂದೆ ಮಲಗಿಸಿದಳು. ಕಿಸೆಯಿಂದ ಒಂದು ಮೊಳೆ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನಾಲ್ಕನೇ ಮನೆಗೆ ಮೊಳೆ ಎಲ್ಲಿ ಹೊಡೀಬೇಕು, ಜಾಗ ತೋರಿಸು."

ಮುತ್ತುಸಾಮಿ ತಗಡಿನ ಮೇಲೆ ಬೆರಳಾಡಿಸಿದ. ಡಾಂಬರು ಮೆತ್ತಿದ ತೂತು, ತುಕ್ಕು, ಮತ್ತೆ ತೂತು. ಬೆರಳು ಅಂಚಿನವರೆಗೆ ಹೋಗಿ ನಿಂತಿತು.

"ನನಗೆ ಸುಸ್ತಾಗಿದೆ," ಎಂದಳು ಅಪ್ಪಲಮ್ಮ. "ಮನೆ ಕಟ್ಟೋಕೆ ಸುಸ್ತಿಲ್ಲ. ಬಿಚ್ಚೋಕೆ ಸುಸ್ತು. ಇನ್ನೊಂದು ಸಲ ಮೊಳೆ ನೆಟ್ಟಗೆ ಮಾಡೋಕೆ ನನ್ನ ಕೈಲಾಗಲ್ಲ."

ಮುತ್ತುಸಾಮಿ ಆ ಮೊಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡ.

ಇದನ್ನು ಸಂಘದಲ್ಲಿ ಓದಿ ಹೇಳುತ್ತಿರುವವರು ಇಲ್ಲಿ ಒಂದು ಗಳಿಗೆ ನಿಲ್ಲಿಸಿ. ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈ ರಾತ್ರಿ ನೀವು ಮಲಗುವ ನೆಲ ಯಾರ ಹೆಸರಿನಲ್ಲಿದೆ? ಬಾಡಿಗೆಗಿರಲಿ, ಗುತ್ತಿಗೆಗಿರಲಿ, ಕರಾರು ಪತ್ರ ಎಲ್ಲಿದೆ? ಅದರ ಕೊನೆಯ ತಾರೀಕು ನಿಮಗೆ ನೆನಪಿದೆಯೇ? ಕೊಟ್ಟವರು ಒಬ್ಬರೇ, ಅಥವಾ ಆ ನೆಲಕ್ಕೆ ಬೇರೆ ಹಕ್ಕುದಾರರೂ ಇದ್ದಾರೆಯೇ? ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಮುತ್ತುಸಾಮಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಟ್ರಂಕು ತೆಗೆಯಿರಿ, ಕಾಗದ ಓದಿಸಿಕೊಳ್ಳಿ. ಕಾಗದವೇ ಇಲ್ಲದಿದ್ದರೆ ನಾಳೆಯೇ ಕಚೇರಿಯಲ್ಲಿ ಕೇಳಿ. ನೆಲ ಕೊಡುವವರೂ ಕೇಳಿ: ಬರಹವಿಲ್ಲದೆ ಕೊಟ್ಟ ನೆಲ ನಿಮ್ಮ ಮಕ್ಕಳಿಗೆ ಜಗಳವನ್ನೇ ಬಿಟ್ಟು ಹೋಗುತ್ತದೆ. ಒಳ್ಳೆಯವರ ಮಾತನ್ನು ಗೌರವಿಸಿ. ಗೌರವಿಸಿದ ಮೇಲೆ ಬರೆಸಿಕೊಳ್ಳಿ.

ಇನ್ನು ಉಳಿದದ್ದು ಸ್ವಲ್ಪ.

ನಾಲ್ಕು ಗಂಟೆಗೆ ಮೂವರೂ ಹೊಳೆ ದಾಟಿದರು. ಮಳೆಮರದ ಕೆಳಗೆ ಉನೈಸಿಯ ಚಿಕ್ಕಪ್ಪ ಯೋಸೆಫೋ ಚಾಪೆ ಹಾಸಿ ಕಾಯುತ್ತಿದ್ದ. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಯಂಗೋನ ಆಗಲೇ ಹಿಂಡಿ ಮುಗಿದಿತ್ತು. ಮರದ ಬೋಗುಣಿಯಲ್ಲಿ ಅದರ ಕೆಸರು ಬಣ್ಣದ ನೀರು ಅಲುಗದೆ ನಿಂತಿತ್ತು.

"ಬಾ ಮುತ್ತು, ಬಾ ತಂಗಿ. ಎಷ್ಟು ಸೊರಗಿದ್ದೀರಿ ಇಬ್ಬರೂ! ನಾಳೆಯೇ ಕಂಬ ನೆಡಿ. ನಾನಿದ್ದೀನಲ್ಲ. ಕಾಗದ ಗೀಗದ ಏನೂ ಬೇಡ, ನನ್ನ ಮಾತೇ ಕಾಗದ."

ಅವನ ದನಿಯಲ್ಲಿದ್ದ ಪ್ರೀತಿ ನಿಜವಾದದ್ದು. ಅದನ್ನು ಕೇಳುತ್ತಿದ್ದರೆ ಅಪ್ಪಲಮ್ಮನಿಗೆ ಅಲ್ಲೇ ಮಲಗಿ ನಿದ್ದೆ ಮಾಡಬೇಕೆನಿಸಿತು. ದಾರಿಯುದ್ದಕ್ಕೂ ಅವಳು ಒಂದು ಮಾತನ್ನು ಕೂಡಿಸಿಕೊಂಡು ಬಂದಿದ್ದಳು. ಗಂಡ ಕರಟಕ್ಕೆ ಕೈ ಚಾಚಿದ ಕೂಡಲೇ ಅದನ್ನು ಆಡಿಬಿಡಬೇಕು. ಏನಾದರಾಗಲಿ, ಊರು ಏನಾದರೂ ಅಂದುಕೊಳ್ಳಲಿ.

ಯೋಸೆಫೋ ಕರಟ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಮುತ್ತುಸಾಮಿಯ ಮುಂದೆ ಚಾಚಿದ. ಕುಡಿಯುವವನು ಮೊದಲು ಒಂದು ಸಲ ಕೈ ತಟ್ಟಬೇಕು.

ಮುತ್ತುಸಾಮಿ ಕೈ ತಟ್ಟಲಿಲ್ಲ. ಟವೆಲ್ಲು ಸುತ್ತಿದ ಹಲ್ಲು ಅವನ ತೊಡೆಯ ಮೇಲೇ ಇತ್ತು. ಒಂದು ಕೈ ಅದರ ಮೇಲೆ, ಇನ್ನೊಂದು ಕೈ ಅಂಗಿಯ ಜೇಬಿನ ಮೇಲೆ. ಕರಟದ ಅಂಚಿನಿಂದ ಒಂದು ಹನಿ ಚಾಪೆಗೆ ಬಿತ್ತು. ಅಪ್ಪಲಮ್ಮ ಬಾಯಿ ತೆರೆದಳು.

ಅಷ್ಟರಲ್ಲಿ ಅವನೇ ಹೇಳಿದ.

"ಬೇಡ ಯೋಸೆಫಣ್ಣ. ನಿಮ್ಮ ಕುಲದೋರ ರುಜು ಕಣ್ಣಲ್ಲಿ ನೋಡೋವರೆಗೆ ನಾನು ಇದನ್ನ ಕುಡಿಯಲ್ಲ."