ಹನ್ನೊಂದು ಗಂಟೆಗೆ ಕಾಲು ತೋರಿಸುವುದಿತ್ತು

ಊರುಗೋಲಿನವನನ್ನು ಮೈದುನ ಬಾಗಿಲಲ್ಲೇ ತಡೆದು, ಅಣ್ಣ ಬೆಳಗಿನ ಜಾವ ಹೃದಯ ನಿಂತು ಹೋಗಿಬಿಟ್ಟರು, ಇವತ್ತು ಏನೂ ಆಗುವುದಿಲ್ಲ ಎಂದು ತಿಳಿಹೇಳುತ್ತಿದ್ದ. ಬಂದವನ ಬಲಪಾದದ ತುಂಬ ಬ್ಯಾಂಡೇಜು.

"ಹನ್ನೊಂದು ಗಂಟೆಗೆ ಬನ್ನಿ, ಕಾಲು ತೋರಿಸ್ತೀನಿ ಅಂದಿದ್ರು," ಎಂದ ಅವನು.

ಸಾವಿನ ಮನೆಯಲ್ಲಿ ಆಡುವ ಮಾತೇ ಇದು ಎಂದು ಮೈದುನನಿಗೆ ರೇಗಿತು. ತೀರಿಹೋದವನ ಹೆಂಡತಿ ಶವದ ಪಕ್ಕದಿಂದಲೇ ಹೇಳಿದಳು: "ಒಳಗೆ ಬಿಡಪ್ಪ. ಅವರೇ ಕರೆಸಿದ್ದು."

*

ಮೂರು ವರ್ಷದ ಹಿಂದೆ ಈ ಮನೆಯಲ್ಲೂ ಅಂಥದೇ ಬ್ಯಾಂಡೇಜಿತ್ತು. ಗಂಡ ಮನೆಮನೆ ಅಲೆದು ಕರೆಂಟಿನ ಮೀಟರ್ ಓದುವ ಮನುಷ್ಯ. ಓಣಿಗೆಲ್ಲ ಮೀಟರ್ ಮಾವ. ಕಾಲಿನ ರಕ್ತನಾಳ ಕಟ್ಟಿಕೊಂಡು ಹೆಬ್ಬೆರಳು ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆಯುವುದೇ ಸೈ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆಗ ಡಾಕ್ಟರಮ್ಮ ಒಬ್ಬರು, ಇನ್ನೂ ಪ್ರಯೋಗದಲ್ಲಿದ್ದ ಚಿಕಿತ್ಸೆಯ ಮಾತೆತ್ತಿದರು. ಸೊಂಟದ ಮೂಳೆಯ ಮಜ್ಜೆಯಿಂದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು ಕಾಲಿನ ಮೀನಖಂಡಕ್ಕೆ ಚುಚ್ಚುವುದು. ದೇಹ ಒಪ್ಪಿದರೆ ಸಣ್ಣ ಸಣ್ಣ ಹೊಸ ನಾಳಗಳು ಹುಟ್ಟಬಹುದು. ಹೆಂಡತಿ ಸುತರಾಂ ಬೇಡವೆಂದಳು. ಅವನು ಕೇಳಬೇಕಲ್ಲ!

ಬೆರಳ ತುದಿ ಹೋಯಿತು, ಕಾಲು ಉಳಿಯಿತು. ಆಮೇಲೆ ಶುರುವಾಯಿತು ನೋಡಿ ಅವನ ಪ್ರದರ್ಶನ. ಹೆದರಿದ ರೋಗಿ ಇದ್ದಾನೆಂದು ಡಾಕ್ಟರಮ್ಮ ಹೇಳಿದರೆ ಸಾಕು, ಅವನ ಮುಂದೆ ಪ್ಯಾಂಟು ಮಡಿಸಿ ಕೂರುತ್ತಿದ್ದ. ನಾಚಿಕೆಯಿಂದ ಇವಳ ಮೈ ಹಿಡಿಯಾಗುತ್ತಿತ್ತು.

*

ಬಂದವನು ಬಸ್ ಕಂಡಕ್ಟರು. ನಾಳೆ ಬೆಳಿಗ್ಗೆ ಕಾಲು ತೆಗೆಯುತ್ತಾರಂತೆ. ಬೇಡವೆಂದರೆ ಇವತ್ತೇ ಡಾಕ್ಟರಮ್ಮನ ಚಿಕಿತ್ಸೆಗೆ ಒಪ್ಪಬೇಕಂತೆ. ಅವನು ಶವವನ್ನೊಮ್ಮೆ ನೋಡಿದ.

"ಆ ಇಂಜೆಕ್ಷನ್ನಿಂದಲೇ ಇವರು..."

"ಇಲ್ಲಪ್ಪ, ಹೃದಯ ಮುಂಚಿನಿಂದ್ಲೂ ಕೆಟ್ಟಿತ್ತು. ಸುಳ್ಳು ಯಾಕೆ ಹೇಳ್ಲಿ, ಇವರ ಜೊತೆ ಮಾಡಿಸ್ಕೊಂಡ ಇನ್ನೊಬ್ಬರಿಗೆ ಕಾಲು ಉಳೀಲಿಲ್ಲ. ಇವರಿಗೆ ಉಳೀತು."

ಹೊದಿಕೆಯನ್ನು ಅವಳೇ ಮೊಣಕಾಲಿನವರೆಗೆ ಸರಿಸಿದಳು. ನೆಂಟರು ಗುಸುಗುಸು ಎಂದರು. ಅನ್ನಲಿ ಬಿಡು ಎನಿಸಿತು ಅವಳಿಗೆ.

ಮಾಯ್ದ ಬೆರಳನ್ನು ಕಂಡಕ್ಟರು ನೋಡಿಯೂ ನೋಡದವನಂತೆ ದಾಟಿದ. ಅವನ ಕಣ್ಣು ನೆಟ್ಟದ್ದು ಹಿಮ್ಮಡಿಯ ಮೇಲೆ.

"ಇದ್ಯಾಕಮ್ಮ ಹೀಗೆ ಒಡೆದಿದೆ?"

ಬೆಳಗಿನಿಂದ ತಡೆದಿದ್ದ ಅಳು ನಗುವಿನ ಜೊತೆಗೇ ಬಂತು. "ಮುಲಾಮು ಹಚ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಮೂರು ವರ್ಷ ನಡೆದಿದ್ದೇ ನಡೆದಿದ್ದು ಕಣಪ್ಪ."

ಶವ ಎತ್ತಲು ಬಂದವರು ಕಾದು ನಿಂತರು. ಕಂಡಕ್ಟರು ಬಗ್ಗಿ, ಆ ಒರಟು ಬಿರುಕುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರುತ್ತಿದ್ದ. ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟು, ಡಾಕ್ಟರಮ್ಮ ಎತ್ತುವುದನ್ನೇ ಕಾಯುತ್ತಿದ್ದ.