ನೀರಲ್ಲಿ ತೊಳೆದ ಬಟ್ಟಲು

ಟಿಕ್, ಟಿಕ್. ಬೆರಳುದ್ದದ ಗಾಜಿನ ಬಟ್ಟಲಿನೊಳಗೆ ಕಲಕುವ ಕಡ್ಡಿ ಅದರ ಗೋಡೆಗೆ ತಾಗುತ್ತಿತ್ತು. ಬಿಷ್ಕೆಕ್‌ನ ಆ ಪ್ರಯೋಗಾಲಯದಲ್ಲಿ ರಾತ್ರಿ ಹನ್ನೊಂದಕ್ಕೆ ಉಳಿದವಳು ಬುರುಲ್ ಒಬ್ಬಳೇ. ದಿನದ ಕೊನೆಯ ಅಳತೆ ಮುಗಿದಿತ್ತು.

ನಾರಿನ್ ಬೆಟ್ಟದ ಕುರಿಗಾಹಿಗಳ ಬಿಳಿ ರಕ್ತಕಣಗಳು ಎಷ್ಟು ಆಮ್ಲಜನಕ ಹೀರುತ್ತವೆ, ಎಷ್ಟು ಶಕ್ತಿ ಹುಟ್ಟಿಸುತ್ತವೆ ಎಂದು ಅವಳು ಎರಡು ವರ್ಷ ಇದೇ ಬಟ್ಟಲಿನಲ್ಲಿ ಅಳೆದಿದ್ದಳು. ಕಳೆದ ತಿಂಗಳು ಪ್ರಬಂಧ ಅಚ್ಚಾಯಿತು. ಅದರ ಮೇಲೆ ಹೆಸರು ಒಂದೇ, ಮೇಲಧಿಕಾರಿ ಎಸೆನ್‌ಕುಲ್‌ನದು. ಕೇಳಿದ್ದಕ್ಕೆ, "ಬಟ್ಟಲು ತೊಳೆಯೋರ ಹೆಸರೆಲ್ಲ ಹಾಕ್ತಾ ಕೂತ್ರೆ ಪುಟ ಸಾಲುತ್ತಾ ಮಗಳೇ?" ಎಂದು ನಕ್ಕಿದ್ದ.

ನಾಳೆ ಅತಿಥಿಗಳ ಮುಂದೆ ಅವನೇ ಅಳತೆ ಮಾಡಿ ತೋರಿಸುವವನಿದ್ದ. ಪ್ರತಿ ಅಳತೆಯ ಕೊನೆಗೆ ಕಣಗಳ ಉಸಿರು ನಿಲ್ಲಿಸುವ ಒಂದು ಹನಿ ವಿಷ ಬಟ್ಟಲಿಗೆ ಬೀಳುತ್ತದೆ. ಮುಚ್ಚಳಕ್ಕೆ ಅಂಟಿದರೆ ಅದು ನೀರಿಗೆ ಬಿಡುವುದಿಲ್ಲ, ಸ್ಪಿರಿಟ್‌ನಲ್ಲಿ ಮೂರು ಸಲ ತೊಳೆಯಬೇಕು. ಬುರುಲ್ ಎಂದೂ ತಪ್ಪಿಸಿದವಳಲ್ಲ. ಅಂದು ಸ್ಪಿರಿಟ್ ಬಾಟಲಿಯನ್ನು ಮುಟ್ಟಲಿಲ್ಲ. ನೀರು ಹಾಯಿಸಿ, ದೀಪ ಆರಿಸಿ, ಬೀಗ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿ ಹೊರಟಳು.

ಬೆಳಿಗ್ಗೆ ಎಸೆನ್‌ಕುಲ್ ಕಣಗಳನ್ನು ಹಾಕಿದ. ಪರದೆಯ ಮೇಲೆ, ಆಮ್ಲಜನಕ ಕಡಿಮೆಯಾದಂತೆ ಇಳಿಯಬೇಕಿದ್ದ ಗೆರೆ ಅಲುಗಲಿಲ್ಲ.

"ನಿನ್ನ ಕುರಿಗಾಹಿಗಳು ಇನ್ನೂ ಎದ್ದಿಲ್ವೇನಪ್ಪಾ?" ಎಂದರು ಓಶ್ ನಗರದಿಂದ ಬಂದಿದ್ದ ಗುಲ್ಸಾರಾ ಎಜೆ. ಎಲ್ಲರಿಗೂ ಎಜೆ, ಅಂದರೆ ಅಕ್ಕ; ಅವನಿಗೆ ಒಂದು ಕಾಲದಲ್ಲಿ ಪಾಠ ಹೇಳಿದವರು. ಎಲ್ಲರೂ ನಕ್ಕರು.

"ಬುರುಲ್, ಯಾವ ರಕ್ತ ಕೊಟ್ಟೆ ನಂಗೆ?" ಎಂದು ಅವನು ಸಿಡುಕಿದ.

"ನೀವು ಬರೆದಿದ್ದೀರಲ್ಲ ಅಗಾಯ್, ಅದೇ ಜನರದ್ದು. ನನಗಿಂತ ನಿಮಗೇ ಚೆನ್ನಾಗಿ ಗೊತ್ತು," ಎಂದಳು ಬುರುಲ್, ಗುರುವನ್ನು ಕರೆಯುವ ಗೌರವದ ದನಿಯಲ್ಲೇ.

ಅವನ ಕಿವಿ ಕೆಂಪಾಯಿತು. ಬಟ್ಟಲು ತೊಳೆದು ಮತ್ತೆ ಹಾಕಿದ. ಗೆರೆ ಹಾಗೇ ಮಲಗಿತ್ತು. ಬುರುಲ್‌ಗೆ ಹೊಟ್ಟೆಯೊಳಗೆಲ್ಲ ತಣ್ಣಗಾಯಿತು.

"ಯಾವುದ್ರಲ್ಲಿ ತೊಳೀತೀಯ?" ಎಜೆ ಈಗ ನಗುತ್ತಿರಲಿಲ್ಲ.

"ನೀರಲ್ಲಿ, ಇನ್ಯಾವುದ್ರಲ್ಲಿ? ಎರಡು ವರ್ಷದಿಂದ ಹೀಗೇ," ಎಂದ ಎಸೆನ್‌ಕುಲ್, ದಿನವೂ ತಾನೇ ತೊಳೆದವನಂತೆ.

"ಹಾಗಾದ್ರೆ ಎರಡು ವರ್ಷದ ಒಂದು ಅಳತೆನೂ ನಂಬೋ ಹಾಗಿಲ್ಲ. ಪ್ರಬಂಧ ವಾಪಸ್ ತಗೋ, ಎಸೆನ್‌ಕುಲ್."

ಅವನು ಬುರುಲ್ ಕಡೆ ತಿರುಗಿದ. ನಾನು ದಿನವೂ ಸ್ಪಿರಿಟ್‌ನಲ್ಲೇ ತೊಳೆದಿದ್ದೇನೆ, ಅಳತೆಗಳೆಲ್ಲ ಸರಿ ಇವೆ ಎಂದು ಅವಳು ಒಂದು ಮಾತು ಆಡಿದ್ದರೆ ಪ್ರಬಂಧ ಉಳಿಯುತ್ತಿತ್ತು. ಅವನೂ ಉಳಿಯುತ್ತಿದ್ದ. ಬೆಟ್ಟದವರು ತೋಳು ಚಾಚಿ ಕೊಟ್ಟ ರಕ್ತ, ತನ್ನ ಎರಡು ಚಳಿಗಾಲ, ಎಲ್ಲವೂ ಅವನ ಜೊತೆ ಮುಳುಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಮುಳುಗಲಿ. ಇವರಿಗಷ್ಟೇ ಅಲ್ಲ, ಮನೆಯಲ್ಲಿ ಅಮ್ಮನಿಗೂ ಸ್ಪಿರಿಟ್‌ನ ಮಾತು ಹೇಳುವುದಿಲ್ಲ ಎಂದು ಅವಳು ನಿಂತಲ್ಲೇ ತೀರ್ಮಾನಿಸಿದಳು.