ಹಿರಿಯರು ಎಂಬ ಗುಂಪು

"ಅಲ್ಲ, ನನ್ನನ್ನೇ ಆಚೆ ಹಾಕ್ದೋರು ಯಾರು?"

ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಅವಳೊಬ್ಬಳೇ. ಮೂಲೆಯ ಫ್ಯಾನು ತನಗೇನೂ ಗೊತ್ತಿಲ್ಲವೆಂದು ತಲೆಯಾಡಿಸಿತು. ಪರದೆಯ ಮೇಲೆ ಒಂದೇ ಸಾಲು: ‘ಈ ಪುಟ ತೆರೆಯಲು ನಿಮಗೆ ಅನುಮತಿ ಇಲ್ಲ.’

ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂದು ಟಿಕ್ ಹಾಕುವುದೇ ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಕೀಲಿ ಅಕ್ಕ. ಮನೆಯಲ್ಲೂ ಅಷ್ಟೇ. ಮಾವನ ರಕ್ತದಲ್ಲಿ ಸಕ್ಕರೆ ಏರಿದ ದಿನದಿಂದ ಸಕ್ಕರೆ ಡಬ್ಬ ಕಪಾಟು ಸೇರಿತ್ತು, ಬೀಗದ ಕೈ ಅವಳ ಕೈಚೀಲ ಸೇರಿತ್ತು.

ಹನ್ನೊಂದಕ್ಕೆ ನಿರ್ದೇಶಕರು ಅತಿಥಿಗಳನ್ನು ಕರೆತಂದು ಹೊಸ ವ್ಯವಸ್ಥೆಯನ್ನು ತೋರಿಸುವವರಿದ್ದರು. ಅವರ ಪಾಸ್‌ವರ್ಡೂ ಹಿಡಿಯದಿದ್ದರೆ ನಾಳೆಯಿಂದ ಈ ಕುರ್ಚಿ ಬೇರೆಯವರದು. ಗಂಟೆ ಹತ್ತೂ ನಲವತ್ತು.

ಹಿಂದಿದ್ದ ಅಧಿಕಾರಿಯ ನೋಟ್‌ಬುಕ್ ತಿರುವಿದಳು. ‘ಹಿರಿಯರು: ಮೇಲಧಿಕಾರಿಗಳ ಗುಂಪು. ಎಲ್ಲ ಅನುಮತಿ.’ ಆ ಸಾಲನ್ನು ಇನ್ನೊಮ್ಮೆ ಓದಿದಳು. ಓದುವ ಕೋಣೆಯ ಹನ್ನೊಂದು ಮಂದಿ ಮುದುಕರು ಪತ್ರಿಕೆಯ ಅಕ್ಷರ ದೊಡ್ಡದು ಮಾಡಿಕೊಡು ಎಂದು ನಿನ್ನೆ ಜೀವ ತಿಂದಿದ್ದರು. ಗುಂಪುಗಳ ಪಟ್ಟಿಯಲ್ಲಿ ‘ಹಿರಿಯರು’ ಎಂದು ಕಂಡದ್ದೇ ತಡ, ಅಷ್ಟೂ ಜನರನ್ನು ಅದರೊಳಗೆ ನೂಕಿದ್ದಳು. ಅಕ್ಷರವೇನೋ ದೊಡ್ಡದಾಯಿತು, ಜೊತೆಗೆ ಮುದುಕರೂ ದೊಡ್ಡವರಾದರು.

ಓದುವ ಕೋಣೆಗೆ ಓಡಿದಳು. ಕಿಟಕಿಯ ಪಕ್ಕದ ಕಂಪ್ಯೂಟರ್ ಮುಂದೆ ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದ ಮಾವ, ನಿವೃತ್ತ ಹೆಡ್‌ಮೇಷ್ಟ್ರು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಮಾವ, ಬಳಕೆದಾರರ ಪಟ್ಟಿ ಏನಾದ್ರೂ ಮುಟ್ಟಿದ್ರಾ?"

"ಬೆಳಿಗ್ಗೆ ಹಾಜರಿ ಕರೆದೆ."

"ಹಾಜರಿನಾ!"

"ಹೆಸರಿನ ಪಟ್ಟಿ ಕಣ್ಣಿಗೆ ಬಿದ್ಮೇಲೆ ಕರೀದೆ ಇರೋಕಾಗತ್ತಾ? ಇನ್ನೂರ ಹದಿನಾಲ್ಕು ಹೆಸರು, ಒಂದಕ್ಷರ ನುಂಗದೆ ರಾಗವಾಗಿ ಕರೆದೆ. ಹನ್ನೊಂದು ಜನ ಹಾಜರ್ ಅಂದ್ರು. ಉಳಿದೋರ್ನ ತೆಗೆದೆ."

"ನಿರ್ದೇಶಕರನ್ನೂ?"

"ಮೂರು ಸಲ ಕರೆದೆ ಕಣಮ್ಮ, ದೊಡ್ಡ ಮನುಷ್ಯ ಅಂತ."

"ನನ್ನನ್ನ?"

"ನೀನು ಇನ್ನೂ ಬಂದೇ ಇರ್ಲಿಲ್ಲ. ಸೊಸೆ ಅಂತ ಬಿಟ್ರೆ ಜನ ಏನಂದಾರು?"

"ನಾನು ಎರಡು ಸಲ ಹಾಜರ್ ಅಂದೆ, ಯಾವುದಕ್ಕೂ ಇರ್ಲಿ ಅಂತ," ಎಂದರು ಪಕ್ಕದಲ್ಲಿದ್ದ ಮುದಿ ದರ್ಜಿ.

"ಮಾವ, ಕೈ ಮುಗೀತೀನಿ. ತೆಗೆದ ಹೆಸರಿನ ಪುಟದಲ್ಲಿ ‘ಎಲ್ಲರನ್ನೂ ಮರಳಿಸಿ’ ಅಂತಿದೆ, ಅದನ್ನ ಒತ್ತಿ."

"ತಡವಾಗಿ ಬಂದೋರು ಕಾರಣ ಹೇಳ್ಬೇಕು."

"ಇನ್ನೂರ ಮೂರು ಜನಾನೂ?"

"ನಿನ್ನದಾದ್ರೂ ಹೇಳು."

ಗಡಿಯಾರ ಹತ್ತೂ ಐವತ್ತೆರಡು ತೋರಿಸುತ್ತಿತ್ತು. ಸೊಸೆ ಕೈಕಟ್ಟಿ ನಿಂತಳು. "ತಪ್ಪಾಯ್ತು ಮೇಷ್ಟ್ರೇ. ಇನ್ಮೇಲೆ ಹೊತ್ತಿಗೆ ಸರಿಯಾಗಿ ಬರ್ತೀನಿ."

ಮೇಷ್ಟ್ರೇ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಮಾವನ ಮುಖ ಅರಳಿತು. ಒಂದೇ ಬೆರಳನ್ನು ಎತ್ತಿ, ಗುರಿಯಿಟ್ಟು, ಒತ್ತಿದರು.

ಅವಳು ಓಡಿಹೋಗಿ ಹನ್ನೊಂದು ಮಂದಿ ಮುದುಕರನ್ನೂ ಆ ಗುಂಪಿನಿಂದ ಎತ್ತಿ, ‘ದೊಡ್ಡ ಅಕ್ಷರದವರು’ ಎಂಬ ಹೊಸ ಗುಂಪು ಮಾಡಿ ಕೂರಿಸಿದಳು. ಒಂದೇ ಟಿಕ್: ನೋಡಬಹುದು. ನಿರ್ದೇಶಕರ ಪಾಸ್‌ವರ್ಡ್ ಹನ್ನೊಂದಕ್ಕೆ ಸರಿಯಾಗಿ ಹಿಡಿಯಿತು.

ಅತಿಥಿಗಳು ಹೋದ ಮೇಲೆ ಮಾವ ಸಪ್ಪೆ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತರು.

"ನನ್ನ ಅಧಿಕಾರ ಹೋಯ್ತಾ?"

"ಹೋಯ್ತು ಮಾವ."

"ಹೋಗ್ಲಿ ಬಿಡು." ಲೋಟದೊಳಗೆ ಇಣುಕಿದರು. "ಮನೆಯ ಆ ಸಕ್ಕರೆ ಡಬ್ಬ ಇದೆಯಲ್ಲ, ತಿನ್ನೋಕಲ್ಲಮ್ಮ... ಅದಕ್ಕೂ ‘ನೋಡಬಹುದು’ ಅಂತ ಒಂದು ಟಿಕ್ ಹಾಕ್ಕೊಡು."

ಅವಳು ಕೈಚೀಲದ ಜಿಪ್ ಎಳೆದು ಮುಚ್ಚಿದಳು.

"ಆಗಲ್ಲ ಮಾವ."